ಬೆಲ್ಟ್ ಯಾರು ಹೊತ್ತಿದ್ದರು?

ನನ್ನ ಸೋದರಮಾವ ಪದಾತಿ ದಳದಲ್ಲಿ 24 ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು. ಆ ಅವಧಿಯ ಬಹುಪಾಲನ್ನು ಅವರು ಕಳೆದದ್ದು ಎಂಎಂಜಿ, ಅಂದರೆ ಮೀಡಿಯಂ ಮಷೀನ್ ಗನ್, ಡಿಟ್ಯಾಚ್‌ಮೆಂಟಿನಲ್ಲಿ. ಅದರಲ್ಲೂ ಮೊದಲ ಆರೇಳು ವರ್ಷ ನಂಬರ್ ಟೂ ಆಗಿ, ಅಂದರೆ ಟ್ರಿಗರ್ ಹಿಡಿದವನ ಎಡಮಗ್ಗುಲಲ್ಲಿ ಮಲಗಿ, ಗುಂಡಿನ ಬೆಲ್ಟ್ ತಿರುಚಿಕೊಳ್ಳದಂತೆ ಅಂಗೈ ಮೇಲೆ ಆನಿಸಿಕೊಂಡು ಗನ್ನಿಗೆ ಉಣಿಸುವ ಕೆಲಸದಲ್ಲಿ. ಬೈಲಹೊಂಗಲ ಸೀಮೆಯ ನಮ್ಮ ಅಜ್ಜನ ಮನೆಯಲ್ಲಿ ಒಂದು ದೀಪಾವಳಿಯ ಸಂಜೆ, ಜರ್ಮನ್ನರ ಎಂಜಿ 42 ಎಂಬ ಮಷೀನ್ ಗನ್ ನಿಮಿಷಕ್ಕೆ 1,200 ಗುಂಡು ಹಾರಿಸುತ್ತಿತ್ತೆಂದೂ, ಅದರ ಎದುರು ಬೇರೆ ಯಾವ ದೇಶದ ಗನ್ನೂ ನಿಲ್ಲುತ್ತಿರಲಿಲ್ಲವೆಂದೂ ನಾನು ಓದಿದ್ದನ್ನೆಲ್ಲ ಅವರ ಮುಂದೆ ಉತ್ಸಾಹದಿಂದ ಹೇಳುತ್ತಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿ, "ಅಷ್ಟೂ ಬೆಲ್ಟ್ ಯಾರ್ ಹೊತ್ತಿದ್ರೋ ತಮ್ಮಾ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ್ದ ಯಾವ ಹೊಗಳಿಕೆಯಲ್ಲೂ ಆ ವಿಷಯ ಬಂದಿರಲಿಲ್ಲ. ಈಗ ಅದಕ್ಕೆ ಹದಿನೈದು ವರ್ಷವಾಯಿತು. ಬೆಲ್ಟ್ ಗನ್ನುಗಳ ಬಗ್ಗೆ ದೇಶವಿದೇಶಗಳ ಆಸಕ್ತರು ಬರೆದದ್ದನ್ನೂ ವಾದಿಸಿದ್ದನ್ನೂ ನಾನು ಅಂದಿನಿಂದ ಬಿಡದೆ ಹಿಂಬಾಲಿಸುತ್ತ ಬಂದಿದ್ದೇನೆ, ಮತ್ತು ಯಾವ ಅಭಿಪ್ರಾಯ ಎದುರಾದರೂ ಅದನ್ನು ಮಾಮಾನವರ ಪ್ರಶ್ನೆಗೆ ಒಡ್ಡಿ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಗನ್ನನ್ನು ಹೊಗಳುವವರು ಅದರ ಗುಂಡನ್ನೂ ಬದಲಿ ನಳಿಕೆಯನ್ನೂ ಹೊತ್ತು ನಡೆದವನ ಕಡೆಯಿಂದ ಒಮ್ಮೆಯಾದರೂ ನೋಡಿದ್ದಾರೆಯೇ ಎಂಬುದೇ ನನಗೆ ಮುಖ್ಯವಾಗಿದೆ. ನೋಡಿಲ್ಲವಾದರೆ ಅವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಬೆಲ್ಟಿನ ಕತೆ ಆರಂಭವಾಗುವುದು ಹೈರಂ ಮ್ಯಾಕ್ಸಿಂ ಅವರಿಂದ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಅವರು 1884ರ ಸುಮಾರಿಗೆ ಹ್ಯಾಟನ್ ಗಾರ್ಡನ್ ಎಂಬಲ್ಲಿನ ತಮ್ಮ ಕಾರ್ಯಾಗಾರದಲ್ಲಿ ಹೊಸ ಬಗೆಯ ಗನ್ನನ್ನು ರೂಪಿಸಿದರು. ಅದಕ್ಕೂ ಮೊದಲಿನ ಗ್ಯಾಟ್ಲಿಂಗ್‌ನಂಥವುಗಳನ್ನು ಕೈಯಿಂದ ಹಿಡಿಕೆ ತಿರುಗಿಸಿ ನಡೆಸಬೇಕಿತ್ತು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತದ ಶಕ್ತಿಯಿಂದಲೇ ಖಾಲಿ ಕೋಶವನ್ನು ಹೊರಗೆಸೆದು, ಮುಂದಿನ ಕಾಡತೂಸನ್ನು ಒಳಗೆಳೆದು, ಮತ್ತೆ ಹಾರಿಸುವಂತೆ ಮ್ಯಾಕ್ಸಿಂ ಮಾಡಿದರು. ಹಾಗೆ ತಾನೇ ಎಳೆದುಕೊಂಡು ಉಣ್ಣುವ ಯಂತ್ರಕ್ಕೆ ತಡೆಯಿಲ್ಲದೆ ಗುಂಡು ಒದಗಿಸಲು ಕ್ಯಾನ್ವಾಸಿನ ಬೆಲ್ಟನ್ನು ಹೊಲಿಸಿದರು. ಆ ಬೆಲ್ಟಿನಿಂದ ಎರಡು ತೊಂದರೆಗಳು ಹುಟ್ಟಿಕೊಂಡವು: ನಳಿಕೆ ಕಾಯುವುದು ಒಂದು, ಗುಂಡಿನ ಭಾರ ಇನ್ನೊಂದು. ಆಸಕ್ತರು ಇಂದಿಗೂ ಮಾಡುತ್ತಿರುವ ಬಹುತೇಕ ವಾದಗಳ ಬುಡ ಈ ಎರಡರಲ್ಲೇ ಇದೆ.

ಮ್ಯಾಕ್ಸಿಂ ಗನ್ನಿನ ಸುಧಾರಿತ ರೂಪವಾಗಿ 1912ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವಿಕರ್ಸ್ ಕಾವಿನ ತೊಂದರೆಯನ್ನು ನೀರಿನಿಂದ ಬಗೆಹರಿಸಿತು. ನಳಿಕೆಯ ಸುತ್ತಲಿನ ಕವಚದಲ್ಲಿ ನಾಲ್ಕು ಲೀಟರಿಗೂ ತುಸು ಹೆಚ್ಚು ನೀರು. ಬಿಡದೆ ಹಾರಿಸಿದರೆ ಸುಮಾರು ಮೂರು ನಿಮಿಷದಲ್ಲಿ ಅದು ಕುದಿಯುತ್ತಿತ್ತು. ಆ ಹಬೆ ರಬ್ಬರ್ ಕೊಳವೆಯ ಮೂಲಕ ಒಂದು ಡಬ್ಬಿಗೆ ಹೋಗಿ ಮತ್ತೆ ನೀರಾಗುತ್ತಿತ್ತು. ಗನ್ನು ಸುಮಾರು 15 ಕಿಲೋ, ಅದರ ಮುಕ್ಕಾಲಿ 20 ಕಿಲೋಗೂ ಮಿಗಿಲು, ನಡೆಸಲು ಆರು ಜನರ ತಂಡ. ವಿಕರ್ಸ್ ಅಭಿಮಾನಿಗಳು ಅತಿ ಹೆಚ್ಚು ಹೇಳುವ ಕತೆಯೆಂದರೆ 1916ರ ಆಗಸ್ಟಿನಲ್ಲಿ ಫ್ರಾನ್ಸಿನ ಹೈ ವುಡ್ ಬಳಿ ಹತ್ತು ವಿಕರ್ಸ್‌ಗಳು ಹನ್ನೆರಡು ಗಂಟೆಗಳಲ್ಲಿ ಹತ್ತಿರ ಹತ್ತಿರ 10 ಲಕ್ಷ ಗುಂಡು ಹಾರಿಸಿದವು ಎಂಬುದು. ದಾಖಲೆಗಳನ್ನು ಹುಡುಕಿ ನೋಡಿದ ಕೆಲವು ಆಸಕ್ತರು ಈ ಕತೆಯನ್ನು ಅನುಮಾನಿಸಿದ್ದಾರೆ. ನಾನು ಒಮ್ಮೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಅದಕ್ಕೆ ಹಾಕುವ .303 ಬಗೆಯ ಕಾಡತೂಸು ಒಂದಕ್ಕೆ ಸುಮಾರು 25 ಗ್ರಾಂ ಎಂದು ಹಿಡಿದರೆ 10 ಲಕ್ಷಕ್ಕೆ 25 ಟನ್ನು. 250 ಗುಂಡಿನ ಬೆಲ್ಟುಗಳಾದರೆ 4,000. ಕತೆ ಹೇಳುವವರೇ ಎರಡು ಕಂಪನಿ ಪದಾತಿಗಳು ಗುಂಡನ್ನೂ ನೀರನ್ನೂ ಹೊತ್ತು ತಂದರೆಂದು ಒಂದು ಸಾಲಿನಲ್ಲಿ ಸೇರಿಸುತ್ತಾರೆ. ಕತೆ ಎಷ್ಟೇ ನಿಜವಿರಲಿ, ನನ್ನ ಮನಸ್ಸು ಆ ಒಂದು ಸಾಲಿನಲ್ಲೇ ನಿಂತುಬಿಡುತ್ತದೆ.

ಎಂಜಿ 42ಕ್ಕೆ ಮರಳುತ್ತೇನೆ, ಏಕೆಂದರೆ ಬೆಲ್ಟ್ ಗನ್ನುಗಳ ಬಗ್ಗೆ ಮಾತಾಡುವವರ ಸಭೆಯಲ್ಲಿ ಅದರ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. ಅದನ್ನು ರೂಪಿಸಿದ ವೆರ್ನರ್ ಗ್ರೂನರ್ ಕೆಲಸ ಮಾಡುತ್ತಿದ್ದದ್ದು ಸ್ಯಾಕ್ಸನಿಯ ಡೋಬೆಲ್ನ್ ಎಂಬ ಊರಿನ ಗ್ರೋಸ್‌ಫುಸ್ ಕಂಪನಿಯಲ್ಲಿ. ಆ ಕಂಪನಿ ಹೆಸರಾಗಿದ್ದದ್ದು ತಗಡಿನ ಕೆಲಸಕ್ಕೆ, ಲಾಟೀನು ಮೊದಲಾದ ಸಾಮಾನುಗಳಿಗೆ. ಅದಕ್ಕೂ ಮುಂಚಿನ ಎಂಜಿ 34ನ್ನು ಉಕ್ಕಿನ ಗಟ್ಟಿಯಿಂದ ಕೊರೆದು ಕಡೆದು ಮಾಡಬೇಕಿದ್ದರೆ, ಎಂಜಿ 42ನ್ನು ತಗಡನ್ನು ಅಚ್ಚಿನಲ್ಲಿ ಒತ್ತಿ, ಬೆಸುಗೆ ಹಾಕಿ, ರಿವೆಟ್ ಹೊಡೆದು ಮಾಡಬಹುದಿತ್ತು. 4 ಲಕ್ಷಕ್ಕೂ ಹೆಚ್ಚು ತಯಾರಾದದ್ದು ಅದರಿಂದಲೇ. ಬಲಮಗ್ಗುಲಿನ ಬಾಗಿಲನ್ನು ಹೊರಕ್ಕೆ ತಳ್ಳಿದರೆ ಕಾದ ನಳಿಕೆಯ ಹಿಂಬದಿ ತಾನಾಗಿ ಈಚೆ ಬರುತ್ತದೆ, ಅದನ್ನು ಎಳೆದು ಹೊಸದನ್ನು ತೂರಿಸಿ ಬಾಗಿಲು ಮುಚ್ಚಿದರೆ ಕೆಲವೇ ಸೆಕೆಂಡುಗಳಲ್ಲಿ ಗನ್ನು ಮತ್ತೆ ಸಿದ್ಧ. ಈ ಗುಣಗಳನ್ನು ಮೆಚ್ಚುವವರ ಮಾತಿನಲ್ಲಿ ನನಗೆ ಯಾವ ತಕರಾರೂ ಇಲ್ಲ. ಲಾಟೀನು ಮಾಡುವವರ ಕೈಚಳಕ ಯುದ್ಧದ ಅತಿ ಕಠಿಣ ಯಂತ್ರವೊಂದರ ಮೂಲವಾಯಿತೆಂಬುದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ತಕರಾರು ಇರುವುದು ವೇಗದ ಮೋಹದ ಬಗ್ಗೆ. ನಿಮಿಷಕ್ಕೆ 1,200 ಎಂದರೆ ಸೆಕೆಂಡಿಗೆ 20. ಸುಮಾರು ಏಳು ಕಿಲೋ ತೂಗುವ 250 ಗುಂಡಿನ ಬೆಲ್ಟ್ ಹನ್ನೆರಡೂವರೆ ಸೆಕೆಂಡಿನಲ್ಲಿ ಖಾಲಿ, ಅಷ್ಟು ಹೊತ್ತಿಗೆ ನಳಿಕೆಯನ್ನೂ ಬದಲಿಸಬೇಕು. ಜರ್ಮನ್ನರು ಇದನ್ನು ತಿಳಿಯದೆ ಮಾಡಿದ್ದಲ್ಲ. ಕಣ್ಣಿಗೆ ಬಿದ್ದ ಶತ್ರು ಒಂದೆರಡು ಸೆಕೆಂಡಿನಲ್ಲಿ ಮರೆಯಾಗುತ್ತಾನೆ, ಆ ಕ್ಷಣದಲ್ಲೇ ಹೆಚ್ಚು ಗುಂಡು ಅತ್ತ ಹೋಗಬೇಕು ಎಂಬುದು ಅವರ ತರ್ಕ. ಅದಕ್ಕಾಗಿ ಇಡೀ ತುಕಡಿಯನ್ನೇ ಮಷೀನ್ ಗನ್ನಿನ ಸುತ್ತ ಕಟ್ಟಿ, ರೈಫಲ್ ಹಿಡಿದವರ ಕುತ್ತಿಗೆಗೂ ಬೆಲ್ಟ್ ಹಾಕಿದರು. ಮಾಮಾನವರ ಪ್ರಶ್ನೆಗೆ ಉತ್ತರ ಅದು: ಬೆಲ್ಟನ್ನು ಎಲ್ಲರೂ ಹೊತ್ತಿದ್ದರು. ಆದರೆ ಯುದ್ಧ ಮುಗಿದ ಮೇಲೆ ಇದೇ ಗನ್ನನ್ನು 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿ ಬಳಸಿದ ಇಟಲಿ ಮತ್ತು ಆಸ್ಟ್ರಿಯಾ ದೇಶಗಳು ಕಾಡತೂಸನ್ನು ನಳಿಕೆಗೆ ನೂಕುವ ಬೋಲ್ಟನ್ನು ಭಾರದ್ದು ಹಾಕಿ ಅದರ ಗತಿಯನ್ನು ಬಹುಮಟ್ಟಿಗೆ ತಗ್ಗಿಸಿದವು. ವೇಗವನ್ನು ಕೊಂಡಾಡುವವರು ಈ ಸಂಗತಿಯ ಬಳಿ ನಿಲ್ಲುವುದು ಕಡಿಮೆ, ಆ ಸೇನೆಗಳು ಸುಮ್ಮಸುಮ್ಮನೆ ಹಾಗೆ ಮಾಡಿರಲಾರವು.

ಮಾಮಾನವರಿಗೆ ಎಂಜಿ 42 ಇತಿಹಾಸದ ವಸ್ತುವಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಆ ದೀಪಾವಳಿಯ ಮರುದಿನ. ಅದರ ಇಂದಿನ ರೂಪವಾದ ಎಂಜಿ 3 ಪಾಕಿಸ್ತಾನದ ವಾಹ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅವರ ಪದಾತಿಗಳ ಕೈಯಲ್ಲಿದೆ. 2003ರ ಕದನವಿರಾಮಕ್ಕೆ ಮೊದಲು ನಿಯಂತ್ರಣ ರೇಖೆಯ ಒಂದು ಪೋಸ್ಟಿನಲ್ಲಿ ಇದ್ದಾಗ ಅವರು ರಾತ್ರಿಗಳಲ್ಲಿ ಎದುರಿನ ಗುಡ್ಡದಿಂದ ಅದರ ಸದ್ದು ಕೇಳಿದ್ದರು. "ನಮ್ಮದು ಹೊಡದ್ರ ಎಣಸಬಹುದು. ಅವರದು ಮೇವಿನ ಮಷೀನಿಗೆ ಕಣಕಿ ಕೊಟ್ಟಂಗ, ಬರ್ರ್ ಅಂತ ಒಂದ ಸದ್ದು" ಎಂದರು. ಹೆದರಿಕೆಯಾಗುತ್ತಿತ್ತೇ ಎಂದು ಕೇಳಿದೆ. ಆಗುತ್ತಿತ್ತು ಎಂದು ನೇರವಾಗಿ ಹೇಳಿದರು. ಸದ್ದು ನಿಂತ ಮೇಲೆ ಅಲ್ಲಿಯೂ ಒಬ್ಬ ತನ್ನ ಹಾಗೆಯೇ ಕತ್ತಲಲ್ಲಿ ಹೊಸ ಡಬ್ಬಿ ಎಳೆದುಕೊಳ್ಳುತ್ತಿರುತ್ತಾನೆ ಎಂದು ಅನ್ನಿಸುತ್ತಿತ್ತಂತೆ. ಸದ್ದಿನ ಬಗ್ಗೆ ಆಸಕ್ತರು ಬರೆದ ಪುಟಗಟ್ಟಲೆ ವರ್ಣನೆಗಳನ್ನು ಓದಿದ್ದೇನೆ. ಸದ್ದು ನಿಂತ ಹೊತ್ತಿನ ಬಗ್ಗೆ ಬರೆದದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

ಈ ಅಭಿಪ್ರಾಯಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ನೋಡಬೇಕು. ದೊಡ್ಡ ಪಾಲು ಅಮೆರಿಕದಿಂದ, ಏಕೆಂದರೆ ಖಾಸಗಿ ವ್ಯಕ್ತಿ ಬೆಲ್ಟ್ ಗನ್ ಇಟ್ಟುಕೊಳ್ಳಲು ಕಾನೂನು ಅವಕಾಶವಿರುವ ಕೆಲವೇ ದೇಶಗಳಲ್ಲಿ ಅದೂ ಒಂದು. 1934ರ ಕಾಯ್ದೆಯಡಿ 200 ಡಾಲರ್ ತೆರಿಗೆ ಕಟ್ಟಿ ನೋಂದಾಯಿಸಬೇಕು, ಮತ್ತು 1986ರ ಮೇ 19ರ ನಂತರ ತಯಾರಾದದ್ದು ಖಾಸಗಿಯವರ ಹೆಸರಿಗೆ ಬರುವಂತಿಲ್ಲ. ಹೀಗಾಗಿ ಅಲ್ಲಿನ ಸಂಗ್ರಾಹಕರ ಕೈಗೆ ಸಿಗುವುದು ಹಳೆಯ ಬ್ರೌನಿಂಗ್ ಎಂ1919, ಎಂ60, ಮಹಾಯುದ್ಧಗಳ ಕಾಲದ ಗನ್ನುಗಳೇ ಹೆಚ್ಚು. ಬೆಲೆಯೂ ಹತ್ತಾರು ಸಾವಿರ ಡಾಲರುಗಳಿಗೆ ಏರಿದೆ. ಕೆಂಟಕಿಯ ನಾಬ್ ಕ್ರೀಕ್ ಎಂಬಲ್ಲಿ 2021ರವರೆಗೆ ವರ್ಷಕ್ಕೆ ಎರಡು ಬಾರಿ ಇಂಥವರ ಮೇಳವೇ ನಡೆಯುತ್ತಿತ್ತು. ಈ ಜನರನ್ನು ಹಗುರವಾಗಿ ಕಾಣುವುದು ತಪ್ಪು ಎಂದು ನಾನು ತಿಳಿದಿದ್ದೇನೆ. ಬ್ರೌನಿಂಗಿನ ಕ್ಯಾನ್ವಾಸ್ ಬೆಲ್ಟಿಗೆ ಮನೆಯ ಮೇಜಿನ ಮೇಲೆ ಒಂದೊಂದೇ ಕಾಡತೂಸು ತೂರಿಸಿ, ಒಂದು ಸಾಲು ತಪ್ಪಿದ್ದಕ್ಕೆ ಗನ್ನು ನಿಂತುಹೋದ ಅನುಭವವುಳ್ಳವರು ಬೆಲ್ಟಿನ ಬೆಲೆ ಅರಿತವರು. ಅವರ ಬಳಿ ಇಲ್ಲದಿರುವುದು ಒಂದೇ, ಅದನ್ನು ಹೊತ್ತು ಬೆಟ್ಟ ಹತ್ತಿದ ಅನುಭವ. ಗುಂಡನ್ನು ಅವರು ವಾಹನದಲ್ಲಿ ತರುತ್ತಾರೆ.

ಎಂ60ರ ವಿಷಯದಲ್ಲಿ ಸಂಗ್ರಾಹಕರಿಗೂ ಅದನ್ನು ಹೊತ್ತ ಸೈನಿಕರಿಗೂ ನಡುವಿನ ಬಿರುಕು ಎದ್ದು ಕಾಣುತ್ತದೆ. 1957ರಲ್ಲಿ ಅಮೆರಿಕ ಸೇನೆ ಒಪ್ಪಿಕೊಂಡ, ವಿಯೆಟ್ನಾಂ ಯುದ್ಧದ ಗುರುತೇ ಆಗಿಹೋದ ಈ ಗನ್ನಿನ ತೂಕ ಸುಮಾರು 10.5 ಕಿಲೋ, ಗತಿ ನಿಮಿಷಕ್ಕೆ ಸುಮಾರು 550. ನಿಧಾನಗತಿಯಿಂದಾಗಿ ಹಿಡಿತಕ್ಕೆ ಚೆನ್ನಾಗಿ ಸಿಗುತ್ತದೆ, ಹಾರಿಸಲು ಹಿತ ಎಂದು ಮೆಚ್ಚುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ಅದರ ಮೊದಲ ರೂಪದಲ್ಲಿ ಮುಂಗಾಲುಗಳನ್ನೂ ಅನಿಲದ ಸಿಲಿಂಡರನ್ನೂ ನಳಿಕೆಗೇ ಜೋಡಿಸಿದ್ದರು. ನಳಿಕೆ ಬಿಚ್ಚಿದ ಕೂಡಲೇ ಗನ್ನಿಗೆ ಕಾಲೇ ಇಲ್ಲ. ಒಬ್ಬ ಗನ್ನನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯಬೇಕು, ಇನ್ನೊಬ್ಬ ಹಿಡಿಕೆಯಿಲ್ಲದ ಕೆಂಡದಂಥ ನಳಿಕೆಯನ್ನು ಅಸ್ಬೆಸ್ಟಾಸ್ ಕೈಗವಸು ತೊಟ್ಟು ಎಳೆಯಬೇಕು. ಆ ಕೈಗವಸು ಕಾಡಿನಲ್ಲಿ ಎಲ್ಲೋ ಕಳೆದುಹೋಗಿದ್ದರೆ? ಬದಲಿ ನಳಿಕೆಯೊಂದಿಗೆ ಇನ್ನೊಂದು ಜೊತೆ ಮುಂಗಾಲನ್ನೂ ನಂಬರ್ ಟೂ ಹೊರಬೇಕಿತ್ತೆಂಬುದು ಬೇರೆ. ಶುಚಿಗೊಳಿಸುವಾಗ ಪಿಸ್ಟನ್ನನ್ನು ಹಿಂದುಮುಂದಾಗಿ ಹಾಕಲೂ ಸಾಧ್ಯವಿತ್ತು. ಹಾಗೆ ಹಾಕಿದರೆ ಒಂದು ಗುಂಡು ಹಾರಿ ಗನ್ನು ನಿಂತುಬಿಡುತ್ತಿತ್ತು. ಬೆಲ್ಟ್ ಓರೆಯಾಗಿ ಜಗ್ಗುವುದನ್ನು ತಪ್ಪಿಸಲು ಸೈನಿಕರು ಊಟದ ಖಾಲಿ ಡಬ್ಬಿಯನ್ನು ಗನ್ನಿನ ಮಗ್ಗುಲಿಗೆ ಸಿಕ್ಕಿಸಿ ಅದರ ದುಂಡನೆಯ ಮೈ ಮೇಲೆ ಬೆಲ್ಟ್ ಜಾರಿಕೊಂಡು ಹೋಗುವಂತೆ ಮಾಡಿಕೊಂಡಿದ್ದರು. ಅವರು ಅದನ್ನು 'ಹಂದಿ' ಎಂದು ಕರೆದರು. ಬಯ್ಯುತ್ತಲೇ ಅದನ್ನು ಪ್ರೀತಿಸಿದವರೂ ಅವರೇ, ಮತ್ತು ಆ ಎರಡೂ ಮಾತುಗಳನ್ನು ಒಟ್ಟಿಗೆ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ.

ಮಾಮಾನವರ ಗನ್ನು ಎಂಎಜಿ. ಬೆಲ್ಜಿಯಂನ ಎಫ್‌ಎನ್ ಕಂಪನಿಯಲ್ಲಿ ಅರ್ನೆಸ್ಟ್ ವೆರ್ವಿಯೆ 1950ರ ದಶಕದಲ್ಲಿ ರೂಪಿಸಿದ್ದು. ಬ್ರೌನಿಂಗರ ಹಳೆಯ ಸ್ವಯಂಚಾಲಿತ ರೈಫಲ್ಲಿನ ಅನಿಲಚಾಲಿತ ಕೀಲುಗಳನ್ನು ತಲೆಕೆಳಗು ಮಾಡಿ, ಮೇಲೆ ಎಂಜಿ 42ರ ಬೆಲ್ಟ್ ಎಳೆಯುವ ಏರ್ಪಾಟನ್ನು ಕೂರಿಸಿದ ಗನ್ನು ಅದು. ನಮ್ಮಲ್ಲಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ, ಲೋಕದ 80ಕ್ಕೂ ಹೆಚ್ಚು ದೇಶಗಳು ಅದನ್ನು ಬಳಸಿವೆ. ಅಮೆರಿಕನ್ನರು 1970ರ ದಶಕದಲ್ಲಿ ಟ್ಯಾಂಕಿನೊಳಗಿನ ಗನ್ನಿಗಾಗಿ ಪರೀಕ್ಷೆ ನಡೆಸಿದಾಗ ತಮ್ಮದೇ ಎಂ60ರ ರೂಪವನ್ನು ಬದಿಗಿಟ್ಟು 1977ರಲ್ಲಿ ಇದನ್ನೇ ಎಂ240 ಎಂಬ ಹೆಸರಿನಲ್ಲಿ ಆರಿಸಿಕೊಂಡರು. ಮುಂದೆ ಅದೇ ಟ್ಯಾಂಕಿನಿಂದಿಳಿದು ಪದಾತಿಗಳ ಹೆಗಲೇರಿತು. ಎಷ್ಟೇ ಮಣ್ಣು ಮೆತ್ತಿದರೂ ನಡೆಯುತ್ತದೆ ಎಂಬ ಮಾತಿನಲ್ಲಿ ಎಲ್ಲ ದೇಶದ ಸೈನಿಕರೂ ಒಂದಾಗುತ್ತಾರೆ, ಹಾಗೆಯೇ ಭಾರ ಎಂಬ ಮಾತಿನಲ್ಲೂ. ಅಮೆರಿಕದ ಎಂ240ಬಿ ಸುಮಾರು 12.5 ಕಿಲೋ ತೂಗುತ್ತಿತ್ತು. ಟೈಟಾನಿಯಂ ಬಳಸಿ ಅದನ್ನು 10 ಕಿಲೋ ಆಸುಪಾಸಿಗೆ ಇಳಿಸಿದ್ದಾರೆ. ಕೊನೆಗೂ ನಂಬಿಕೆಗೆ ಪಾತ್ರವಾದ ಗನ್ನನ್ನು ಹಗುರ ಮಾಡಲು ಒಂದು ದೇಶ ದುಬಾರಿ ಲೋಹಕ್ಕೆ ಹಣ ಸುರಿಯಿತು ಎಂದು ನಾನು ಹೇಳಿದಾಗ ಮಾಮಾ, "ಹಾಂ, ಯಾರೋ ಹೊತ್ತಾಂವ ಹೇಳ್ಯಾನ" ಎಂದು ಸಂತೋಷಪಟ್ಟರು.

ಆಸಕ್ತರ ನಡುವೆ ಇತ್ತೀಚೆಗೆ ಅತಿ ಹೆಚ್ಚು ಗೌರವ ಗಳಿಸುತ್ತಿರುವುದು ರಷ್ಯನ್ನರ ಪಿಕೆಎಂ ಎಂದು ನನಗನ್ನಿಸುತ್ತದೆ, ಮತ್ತು ಅದಕ್ಕೆ ಒಳ್ಳೆಯ ಕಾರಣವಿದೆ. ಮಿಖಾಯಿಲ್ ಕಲಾಶ್ನಿಕೋವರ ತಂಡ ರೂಪಿಸಿ 1961ರಲ್ಲಿ ಸೇನೆ ಸೇರಿದ ಪಿಕೆ, 1969ರಲ್ಲಿ ಪಿಕೆಎಂ ಆಗಿ ಹಗುರವಾಯಿತು. ತೂಕ ಸುಮಾರು 7.5 ಕಿಲೋ, ಅಂದರೆ ಎಂಎಜಿಗಿಂತ ನಾಲ್ಕು ಕಿಲೋ ಕಡಿಮೆ. ಅದು ಉಣ್ಣುವುದು 1891ರ ಕಾಲದ, ಬುಡದಲ್ಲಿ ಅಂಚು ಹೊರಚಾಚಿದ ಕಾಡತೂಸನ್ನು. ಅಂಚಿರುವ ಕಾಡತೂಸನ್ನು ಬೆಲ್ಟಿನಿಂದ ನೇರವಾಗಿ ಮುಂದಕ್ಕೆ ತಳ್ಳಲಾಗದು. ಆದ್ದರಿಂದ ಒಂದು ಕೊಕ್ಕೆ ಮೊದಲು ಅದನ್ನು ಹಿಂದಕ್ಕೆ ಕಿತ್ತು, ಕೆಳಗಿಳಿಸಿ, ಆಮೇಲೆ ಬೋಲ್ಟ್ ಮುಂದಕ್ಕೆ ನೂಕುತ್ತದೆ. ಕಾಗದದ ಮೇಲೆ ಇದು ಸುತ್ತುಬಳಸಿನ ದಾರಿ. ಕೈಗೆ ಬಂದಾಗ ಅದರಷ್ಟು ನೆಚ್ಚಿಗೆಯ ಏರ್ಪಾಟು ಕಡಿಮೆ. ಹಳೆಯ ಕಾಡತೂಸನ್ನು ಬಿಡಲಾಗದ ಅನಿವಾರ್ಯವನ್ನೇ ಹಿಡಿದು ಅದರೊಳಗಿಂದ ಉತ್ತಮವಾದುದನ್ನು ತೆಗೆದ ಆ ತಂಡದ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಅಫ್ಘಾನಿಸ್ತಾನದಲ್ಲಿ ಎರಡು ಬಗೆಯ ಗನ್ನುಗಳನ್ನೂ ಕಂಡ ಪಾಶ್ಚಾತ್ಯ ಸೈನಿಕರಲ್ಲಿ ಅನೇಕರು ಬೆಟ್ಟ ಹತ್ತುವಾಗ ಇದೇ ಇರಲಿ ಎಂದದ್ದು ಸಹಜವೇ. ನಮ್ಮ ಟಿ-72 ಮತ್ತು ಟಿ-90 ಟ್ಯಾಂಕುಗಳೊಳಗೆ ಇದರ ಒಡಹುಟ್ಟಾದ ಪಿಕೆಟಿ ಇದೆ. ಬೆಲ್ಟಿನ ವಿಷಯದಲ್ಲೂ ವ್ಯತ್ಯಾಸವಿದೆ: ನೇಟೋ ಗನ್ನುಗಳ ಲಿಂಕುಗಳು ಗುಂಡು ಹಾರಿದಂತೆ ಬಿಡಿಬಿಡಿಯಾಗಿ ಉದುರುತ್ತವೆ, ಪಿಕೆಎಂ ಬೆಲ್ಟ್ ಉದುರದೆ ಇಡಿಯಾಗಿ ಹೊರಬರುತ್ತದೆ. ಅದು ಕಾಲಿಗೆ ತೊಡರುತ್ತದೆ ಎಂದು ದೂರುವವರಿದ್ದಾರೆ. ಆದರೆ ಸಂಜೆ ಕೂತು ಅದೇ ಬೆಲ್ಟಿಗೆ ಮತ್ತೆ ಗುಂಡು ತುಂಬಬಹುದು, ಸರಬರಾಜು ಸರಿಯಿಲ್ಲದ ಸೇನೆಗೆ ಅದು ಸಣ್ಣ ಅನುಕೂಲವಲ್ಲ.

ಗತಿಯ ಬಗ್ಗೆ ವಾದಿಸುವವರು ಒಮ್ಮೆ ಕೈಪಿಡಿ ತೆಗೆದು ನೋಡಬೇಕು. ಎಂ240ರ ಗತಿ ನಿಮಿಷಕ್ಕೆ 650ರಿಂದ 950 ಎಂದು ಎಲ್ಲರೂ ಬರೆಯುತ್ತಾರೆ. ಅಮೆರಿಕ ಸೇನೆಯ ಕೈಪಿಡಿ ಹೇಳುವ ದೀರ್ಘಕಾಲದ ಗತಿಯಾದರೋ ನಿಮಿಷಕ್ಕೆ 100 ಗುಂಡು, ಆರರಿಂದ ಒಂಬತ್ತರ ಗೊಂಚಲಿನಲ್ಲಿ, ನಡುನಡುವೆ ನಾಲ್ಕೈದು ಸೆಕೆಂಡು ಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ನಳಿಕೆ ಬದಲಿಸುತ್ತ. ತುರ್ತಿನಲ್ಲಿ 200, ಆಗ ಎರಡು ನಿಮಿಷಕ್ಕೊಮ್ಮೆ ಬದಲಿಸಬೇಕು. ಗನ್ನಿನ ಪೂರ್ಣ ವೇಗದಲ್ಲಿ ಹಾರಿಸಿದರೆ ನಿಮಿಷಕ್ಕೊಮ್ಮೆ. 7.62ರ ನೂರು ಗುಂಡಿನ ಬೆಲ್ಟಿಗೆ ಸುಮಾರು 3 ಕಿಲೋ ತೂಕವಾದ್ದರಿಂದ, ಆ ನಿಧಾನದ ಗತಿಯಲ್ಲೂ ಹತ್ತು ನಿಮಿಷಕ್ಕೆ 30 ಕಿಲೋ ಬೇಕು. ನಂಬರ್ ಟೂ ಎಣಿಸುತ್ತಿರಬೇಕು ಎನ್ನುತ್ತಿದ್ದರು ಮಾಮಾ. ಟ್ರಿಗರ್ ಹಿಡಿದವನ ಕಣ್ಣು ಎದುರಿನ ಇಳಿಜಾರಿನ ಮೇಲಿರುತ್ತದೆ, ಎಷ್ಟು ಹೋಯಿತು, ಎಷ್ಟು ಉಳಿಯಿತು, ನಳಿಕೆ ಯಾವಾಗ ಬಿಚ್ಚಬೇಕು ಎಂಬ ಲೆಕ್ಕ ಪಕ್ಕದವನದು. ಅವರ ಎಡಗೈಯ ತೋರುಬೆರಳ ಬುಡದಲ್ಲಿ ಬೆಳ್ಳಗೆ ಮಿನುಗುವ ಒಂದು ಸುಟ್ಟ ಗಾಯದ ಗುರುತಿದೆ, ನಳಿಕೆಯನ್ನು ಅವಸರದಲ್ಲಿ ಹಿಡಿಕೆ ಬಿಟ್ಟು ಮುಟ್ಟಿದ ದಿನದ್ದು. ರಷ್ಯನ್ನರು ಮುಂದೆ ಪೆಚೆನೆಗ್ ಎಂಬ ರೂಪದಲ್ಲಿ ನಳಿಕೆಯನ್ನು ಕವಚದೊಳಗಿಟ್ಟು, ಗುಂಡು ಹಾರುವಾಗಿನ ಸೆಳೆತದಿಂದಲೇ ಗಾಳಿ ಹರಿದು ತಂಪಾಗುವಂತೆ ಮಾಡಿ, ಬದಲಿ ನಳಿಕೆಯನ್ನು ಹೊರುವ ಅಗತ್ಯವನ್ನೇ ತೆಗೆಯಲು ಹೊರಟರು. ಅದು ಸರಿಯೋ ತಪ್ಪೋ ಎಂದು ಆಸಕ್ತರು ಈಗಲೂ ಗುದ್ದಾಡುತ್ತಾರೆ. ಆ ಗಾಯದ ಗುರುತನ್ನು ಕಂಡ ನನಗೆ ಆ ಪ್ರಯತ್ನವೇ ಮೆಚ್ಚುಗೆ.

ಬ್ರೌನಿಂಗ್ ಎಂ2 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಜಾನ್ ಬ್ರೌನಿಂಗ್ ಆರಂಭಿಸಿದ, 12.7 ಮಿಲಿಮೀಟರ್ ಗುಂಡಿನ, 38 ಕಿಲೋ ತೂಕದ ಈ ಗನ್ನು ಇನ್ನೂ ಸೇವೆಯಲ್ಲಿದೆ, ಅದನ್ನು ಮೆಚ್ಚದವರನ್ನು ನಾನು ನೋಡಿಲ್ಲ. ಆದರೆ ಅದರಲ್ಲೂ ಒಂದು ಮಾತಿದೆ. ದಶಕಗಳ ಕಾಲ ಅದರ ನಳಿಕೆಯನ್ನು ಪೂರ್ತಿ ತಿರುಗಿಸಿ ಕೂರಿಸಿ, ಎರಡು ಕ್ಲಿಕ್ ಹಿಂದಕ್ಕೆ ಬಿಚ್ಚಿ, ಬೋಲ್ಟ್ ಮತ್ತು ನಳಿಕೆಯ ನಡುವಿನ ಅಂತರವನ್ನು ಗೇಜು ಹಾಕಿ ನೋಡಬೇಕಿತ್ತು. ಅಂತರ ತಪ್ಪಿದರೆ ಕಾಡತೂಸಿನ ಕೋಶ ಗನ್ನಿನೊಳಗೇ ಸೀಳುತ್ತಿತ್ತು. 2010ರ ಸುಮಾರಿಗೆ ಎಂ2ಎ1 ಬಂದ ಮೇಲೆ ಈ ಗೇಜಿನ ಕೆಲಸ ಇಲ್ಲವಾಯಿತು. ಹಳೆಯ ಪದ್ಧತಿಯಲ್ಲಿ ಒಂದು ಶಿಸ್ತಿತ್ತು, ಅದು ಹೋಯಿತಲ್ಲ ಎಂದು ಮರುಗುವ ಸಂಗ್ರಾಹಕರಿದ್ದಾರೆ. ಅವರ ಮರುಕ ನನಗೆ ಅರ್ಥವಾಗುತ್ತದೆ. ಆದರೂ ಚಳಿಗೆ ಮರಗಟ್ಟಿದ ಬೆರಳಲ್ಲಿ, ದೀಪ ಹಚ್ಚಲಾಗದ ರಾತ್ರಿಯಲ್ಲಿ ಆ ತೆಳು ತಗಡನ್ನು ಹುಡುಕಿದವರ ಪರವಾಗಿಯೇ ನಾನು ನಿಲ್ಲುತ್ತೇನೆ.

ನಮ್ಮ ಕಾಲದ ನಿಜವಾದ ಚರ್ಚೆ ಬೆಲ್ಟ್ ಬೇಕೇ ಬೇಡವೇ ಎಂಬುದು. ಅಮೆರಿಕದ ಮರೀನ್ ದಳ 2010ರಿಂದೀಚೆಗೆ ತನ್ನ ಸಣ್ಣ ತುಕಡಿಗಳಲ್ಲಿ ಬೆಲ್ಟಿನ ಎಂ249ರ ಜಾಗಕ್ಕೆ 30 ಗುಂಡಿನ ಮ್ಯಾಗಝಿನ್, ಅಂದರೆ ಗುಂಡು ತುಂಬಿದ ಡಬ್ಬಿ, ಹಾಕುವ ಎಂ27ನ್ನು ತಂದಿತು. ಗುರಿಯಿಟ್ಟ ಕೆಲವು ಗುಂಡು ಗುರಿಯಿಲ್ಲದ ಸುರಿಮಳೆಗಿಂತ ಹೆಚ್ಚು ಕೆಲಸ ಮಾಡುತ್ತದೆ, ಹಗುರ ಗನ್ನಿನವನು ಉಳಿದವರ ಜೊತೆ ಹೆಜ್ಜೆ ಹಾಕಬಲ್ಲ ಎಂಬುದು ಅವರ ವಾದ. ಅದೇ ದಶಕ ಮುಗಿಯುವ ಹೊತ್ತಿಗೆ ಭಾರತ ತದ್ವಿರುದ್ಧ ದಾರಿ ಹಿಡಿಯಿತು. ನಮ್ಮ ಪದಾತಿಗಳ ಇನ್ಸಾಸ್ ಎಲ್‌ಎಂಜಿ (ಲೈಟ್ ಮಷೀನ್ ಗನ್) 5.56 ಮಿಲಿಮೀಟರ್ ಗುಂಡನ್ನು 30ರ ಮ್ಯಾಗಝಿನ್‌ನಿಂದ ಉಣ್ಣುತ್ತಿತ್ತು. ಅದಕ್ಕೂ ಹಿಂದಿನ ಬ್ರೆನ್ ಕೂಡ ಮ್ಯಾಗಝಿನ್ನಿನದೇ. 2020ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ ಇಸ್ರೇಲಿನಿಂದ ಸುಮಾರು 880 ಕೋಟಿ ರೂಪಾಯಿಗೆ 16,479 ನೆಗೆವ್ ಗನ್ನುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಅವು 7.62ರವು, ಬೆಲ್ಟಿನವು, ತಲಾ ಸುಮಾರು 8 ಕಿಲೋ. ಪೂರ್ವ ಲಡಾಖಿನ ಘರ್ಷಣೆಯ ಬೆನ್ನಲ್ಲೇ, 2021ರ ಆರಂಭದಲ್ಲಿ ಮೊದಲ ಕಂತು ಬಂತು.

ಈ ನಿರ್ಧಾರವನ್ನು ನಮ್ಮ ಆಸಕ್ತರು ಬಹುತೇಕ ಒಮ್ಮತದಿಂದ ಸ್ವಾಗತಿಸಿದರು. ನಾನೂ ಸ್ವಾಗತಿಸಿದೆ, ಇಂದಿಗೂ ಅದು ಸರಿಯೆಂದೇ ನಂಬಿದ್ದೇನೆ. ಗುಡ್ಡದಿಂದ ಗುಡ್ಡಕ್ಕೆ ದೂರ ಹೆಚ್ಚಿರುವ ನಮ್ಮ ಗಡಿಯಲ್ಲಿ 7.62ರ ಗುಂಡಿಗೆ ಬೆಲೆಯಿದೆ, ಒಮ್ಮೆಗೇ ನಿಲ್ಲದೆ ಹಾರಿಸಬಲ್ಲ ಬೆಲ್ಟಿಗೂ ಇದೆ. ಆದರೆ ಹೊರುವವನ ಲೆಕ್ಕವನ್ನು ಯಾರಾದರೂ ಹೇಳಲಿ ಎಂದು ಹುಡುಕಿದೆ. 5.56ರ 200 ಗುಂಡಿನ ಬೆಲ್ಟ್ ಎಷ್ಟು ತೂಗುತ್ತದೋ 7.62ರ ನೂರು ಗುಂಡು ಸರಿಸುಮಾರು ಅಷ್ಟೇ ತೂಗುತ್ತದೆ. ಅಂದರೆ ಅದೇ ಹೆಗಲು, ಅದೇ ಭಾರ, ಗುಂಡು ಮಾತ್ರ ಅರ್ಧ. ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಒಂದೊಂದು ಕಿಲೋ ಹೇಗೆ ಬೆಳೆಯುತ್ತದೆಂದು ಕೇಳಿದರೆ ಮಾಮಾ ಮಾತಿನಲ್ಲಿ ಹೇಳುವುದಿಲ್ಲ, ಬಲಭುಜವನ್ನು ಒಮ್ಮೆ ತಿರುಗಿಸಿ ತೋರಿಸುತ್ತಾರೆ. ಅದು ಕಟಕಟ ಸದ್ದು ಮಾಡುತ್ತದೆ. ಅಮೆರಿಕ ಸೇನೆ 2022ರಲ್ಲಿ 6.8 ಮಿಲಿಮೀಟರಿನ ಹೊಸ ಎಂ250ನ್ನು ಆರಿಸಿದಾಗ ಬೆಲ್ಟನ್ನು ಬಿಡಲಿಲ್ಲ, ಗನ್ನಿನ ತೂಕವನ್ನು 6 ಕಿಲೋ ಆಸುಪಾಸಿಗೆ ತಂದಿತು. ಅಲ್ಲಿಯೂ ಗನ್ನು ಹಗುರವಾಯಿತೇ ಹೊರತು, ಅದಕ್ಕೆ ಹಾಕುವ ಗುಂಡು ಹಿಂದಿನ 5.56ಕ್ಕಿಂತ ಭಾರವೇ ಆಯಿತು.

ಇಷ್ಟೆಲ್ಲ ಬರೆದ ಮೇಲೆ ಗನ್ನಿನ ಎದುರುಗಡೆ ಇದ್ದವರ ಬಗ್ಗೆ ಹೇಳದೆ ಹೋದರೆ ನಾನೂ ಅರ್ಧ ಮಾತಾಡಿದಂತೆಯೇ ಆಗುತ್ತದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಮತ್ತು ಮೈಸೂರಿನ ಕುದುರೆ ಸವಾರರು ಈಟಿ ಹಿಡಿದು ಹೈಫಾ ನಗರದ ಮೇಲೆ ಏರಿ ಹೋದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡೆಯಿಂದ ಹತ್ತಿತು. ಎದುರಿಗೆ ತುರ್ಕರ ಮತ್ತು ಅವರ ಮಿತ್ರರ ತೋಪುಗಳೂ ಮಷೀನ್ ಗನ್ನುಗಳೂ ಇದ್ದವು. ಸಂಜೆಯೊಳಗೆ ನಗರ ಕೈವಶವಾಯಿತು, 17 ತೋಪು ಮತ್ತು 11 ಮಷೀನ್ ಗನ್ನು ಸಿಕ್ಕವು. ಆ ಸ್ಮಾರಕದ ಮುಂದೆ ನಿಂತಾಗ ಬೆಲ್ಟ್ ಗನ್ನಿನತ್ತ ಕುದುರೆ ಓಡಿಸಿದ ಕನ್ನಡ ನಾಡಿನ ಹುಡುಗರು ನೆನಪಾಗುತ್ತಾರೆ. ಅದಾಗಿ ಏಳು ತಿಂಗಳೂ ಕಳೆದಿರಲಿಲ್ಲ, 1919ರ ಏಪ್ರಿಲ್ 13ರಂದು ಡಯರ್ ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಹೋಗುವಾಗ ಮಷೀನ್ ಗನ್ ಹೊತ್ತ ಎರಡು ಕವಚದ ಗಾಡಿಗಳನ್ನೂ ಜೊತೆಗೆ ಒಯ್ದಿದ್ದ. ಓಣಿ ಕಿರಿದಾದ್ದರಿಂದ ಅವು ಒಳಗೆ ಹೋಗಲಿಲ್ಲ. ರೈಫಲ್ಲುಗಳಿಂದ 1,650 ಗುಂಡು ಹಾರಿತು. ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆಯೇ 379. ಗಾಡಿಗಳು ಒಳಹೊಕ್ಕಿದ್ದರೆ ಆ ಗನ್ನುಗಳನ್ನೂ ಬಳಸುತ್ತಿದ್ದೆನೆಂದು ಅವನು ವಿಚಾರಣೆಯಲ್ಲಿ ಒಪ್ಪಿಕೊಂಡ. ನಾಬ್ ಕ್ರೀಕಿನ ರಾತ್ರಿಗಳಲ್ಲಿ ಬೆಳಕಿನ ಗುಂಡುಗಳು ಹಾರುವುದನ್ನು ನೋಡಿ ಹಿಗ್ಗುತ್ತಿದ್ದವರ ಬಗ್ಗೆ ನನಗೆ ಕೋಪವಿಲ್ಲ, ನಾನೂ ಅಂಥ ದೃಶ್ಯಗಳನ್ನು ಕಣ್ಣು ಕೀಲಿಸಿ ನೋಡಿದ್ದೇನೆ. ನೋಡುವಾಗ ಒಂದು ಕಿರಿದಾದ ಓಣಿ ನೆನಪಿಗೆ ಬರುತ್ತದೆ, ಬರಲಿ ಎಂದೇ ಬಿಟ್ಟಿದ್ದೇನೆ.

ಹೋದ ಚಳಿಗಾಲ ನಮ್ಮ ಕಡೆಯ ಊರೊಂದರಲ್ಲಿ ಸೇನೆಯ ಶಸ್ತ್ರಗಳನ್ನು ಸಾರ್ವಜನಿಕರಿಗೆ ತೋರಿಸುವ ಪ್ರದರ್ಶನವಿತ್ತು. ಮಾಮಾನವರನ್ನು ಕರೆದುಕೊಂಡು ಹೋಗಿದ್ದೆ. ಹೊಸ ನೆಗೆವ್ ಮುಂದೆ ಜನ ಮುಗಿಬಿದ್ದಿದ್ದರು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಮಾಮಾ ಅಲ್ಲಿ ನಿಲ್ಲದೆ ಮೂಲೆಯ ಮೇಜಿನ ಕಡೆ ನಡೆದರು. ಅಲ್ಲಿ ಮುಕ್ಕಾಲಿಯ ಮೇಲೆ ಎಂಎಜಿ, ಅದರ ಮೇಲಿನ ಮುಚ್ಚಳ ತೆರೆದಿತ್ತು, ಪಕ್ಕದಲ್ಲಿ ತೂತು ಕೊರೆದ ಅಭ್ಯಾಸದ ಕಾಡತೂಸುಗಳ ಬೆಲ್ಟು. ಒಬ್ಬ ಹುಡುಗ ಆ ಬೆಲ್ಟನ್ನು ಎತ್ತಿ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡು, ಮತ್ತೆ ಗನ್ನಿನ ಮೇಲೆ ಹಾಸಿ ಹೋದ. ಹಾಸುವಾಗ ಅದು ಮಗುಚಿ ಬಿದ್ದಿತ್ತು; ಲಿಂಕುಗಳ ತೆರೆದ ಬಾಯಿ ಕೆಳಮುಖವಾಗಿರುವ ಬದಲು ಮೇಲ್ಮುಖವಾಗಿತ್ತು. ಕಾವಲಿಗಿದ್ದ ಗೋಕಾಕ ಕಡೆಯ ಎಳೆಯ ಜವಾನ ಇನ್ನಾರಿಗೋ ವಿವರಿಸುತ್ತಿದ್ದ.

"ಮುಟ್ಟಲೇನಪಾ?" ಎಂದು ಮಾಮಾ ಕೇಳಿದರು. ಆ ಜವಾನ ಅವರ ನಿಲುವನ್ನು ಒಮ್ಮೆ ನೋಡಿ, "ಮುಟ್ರಿ ಉಸ್ತಾದ್" ಎಂದ. ಅವರು ಬೆಲ್ಟನ್ನು ಎತ್ತಿ ಮಗುಚಿದರು, ಮೊದಲ ಕಾಡತೂಸನ್ನು ಅದರ ಹರಿವಿಗೆ ತಂದು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು, ಮುಚ್ಚಳ ಇಳಿಸಿ ಅಂಗೈಯಿಂದ ಎರಡು ಬಾರಿ ತಟ್ಟಿ ನೋಡಿದರು. ಮೇಜಿನ ಅಂಚಿನಿಂದ ಜೋತು ಬಿದ್ದಿದ್ದ ಉಳಿದ ಬೆಲ್ಟಿನ ಕೆಳಗೆ ಅವರ ಎಡಗೈ ತಾನಾಗಿ ಹೋಗಿ, ಅಂಗೈ ಮೇಲಾಗಿ, ಅಲ್ಲೇ ನಿಂತಿತು. ಟ್ರಿಗರ್ ಕಡೆ ಯಾರೂ ಇರಲಿಲ್ಲ. ಜವಾನ ಮಾತು ನಿಲ್ಲಿಸಿ ಬಂದು ಆ ಜಾಗದಲ್ಲಿ ಕುಳಿತುಕೊಂಡ.